ಭಾನುವಾರ ಬಂದೇ ಬರುತ್ತೆ: ಬಾಖ್ ಅವರ ವಾರದ ಲೆಕ್ಕ

ವಾರಕ್ಕೊಂದು ಹೊಸ ಸಂಗೀತ ಕೃತಿ. ಇಪ್ಪತ್ತು ನಿಮಿಷಕ್ಕೂ ಮೇಲ್ಪಟ್ಟದ್ದು. ಹಾಡುಗಾರರು, ವಯಲಿನ್, ಓಬೋ, ಆರ್ಗನ್ ಎಲ್ಲ ಸೇರಿದ್ದು. ಭಾನುವಾರ ಬೆಳಗ್ಗೆ ಏಳಕ್ಕೆ ಚರ್ಚಿನಲ್ಲಿ ಪ್ರಾರ್ಥನೆ ಶುರುವಾಗುವಷ್ಟರಲ್ಲಿ ಸಿದ್ಧವಿರಬೇಕು, ಎಕ್ಸ್‌ಟೆನ್ಷನ್ ಕೇಳೋ ಹಾಗಿಲ್ಲ. ನಮಗೆ ಒಂದು ಲ್ಯಾಬ್ ರೆಕಾರ್ಡ್ ಬರೆಯೋಕೇ ರಾತ್ರಿಯಿಡೀ ಜಾಗರಣೆ ಬೇಕು. ಈ ಕೆಲಸವನ್ನು ವರ್ಷಗಟ್ಟಲೆ ಮಾಡಿದವರು ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖ್.

ಬಾಖ್ ಹುಟ್ಟಿದ್ದು 1685ರಲ್ಲಿ, ಐಸೆನಾಖ್ ಊರಿನ ಸಂಗೀತಗಾರರ ಮನೆತನದಲ್ಲಿ. ಹತ್ತು ವರ್ಷ ತುಂಬುವಷ್ಟರಲ್ಲಿ ಅಪ್ಪ ಅಮ್ಮ ಇಬ್ಬರೂ ಇಲ್ಲ. ಸಾಕಿದ್ದು ಅಣ್ಣ. ಇಪ್ಪತ್ತರ ವಯಸ್ಸಿನಲ್ಲಿ ಬುಕ್ಸ್ಟೆಹೂಡೆ ಎಂಬ ಹಿರಿಯ ಆರ್ಗನ್ ವಾದಕರನ್ನು ಕೇಳಲು ಸುಮಾರು 400 ಕಿಲೋಮೀಟರ್ ದೂರದ ಲ್ಯೂಬೆಕ್‌ಗೆ ನಡೆದೇ ಹೋದರು. ರಜೆ ಸಿಕ್ಕಿದ್ದು ನಾಲ್ಕು ವಾರ, ವಾಪಸ್ ಬಂದದ್ದು ಸುಮಾರು ನಾಲ್ಕು ತಿಂಗಳ ನಂತರ! ಆಗಿನ ಬಾಖ್ ಟೈಮ್‌ಟೇಬಲ್ ಪಾಲಿಸೋ ಆಸಾಮಿ ಆಗಿರಲಿಲ್ಲ ಅನ್ನಬಹುದು.

1723ರಲ್ಲಿ ಲೈಪ್‌ಜಿಗ್ ನಗರಸಭೆಗೆ ಸಂತ ಥಾಮಸ್ ಶಾಲೆಯ ಸಂಗೀತ ಮುಖ್ಯಸ್ಥರು ಬೇಕಿತ್ತು. ಮೊದಲು ಆರಿಸಿದ್ದು ಟೆಲೆಮಾನ್ ಅವರನ್ನು, ಆಮೇಲೆ ಗ್ರೌಪ್ನರ್ ಅವರನ್ನು. ಇಬ್ಬರೂ ಬರಲಿಲ್ಲ, ಬಾಖ್‌ಗೆ ಕೆಲಸ ಸಿಕ್ತು. ವಾಸವೂ ಶಾಲೆಯ ಕಟ್ಟಡದಲ್ಲೇ. ಹುಡುಗರಿಗೆ ಹಾಡು ಕಲಿಸಬೇಕು, ಲ್ಯಾಟಿನ್ ಪಾಠ ಮಾಡಬೇಕು, ಊರಿನ ಚರ್ಚುಗಳ ಸಂಗೀತ ನೋಡಿಕೊಳ್ಳಬೇಕು. ಬಾಖ್ ಮಾಡಿದ ಮೊದಲ ಜಾಣತನ ಅಂದ್ರೆ, ಲ್ಯಾಟಿನ್ ಪಾಠವನ್ನು ಸ್ವಂತ ಖರ್ಚಿನಲ್ಲಿ ಸಹೋದ್ಯೋಗಿಗೆ ಒಪ್ಪಿಸಿದ್ದು. ದುಡ್ಡು ಹೋಯ್ತು, ಸಮಯ ಉಳೀತು.

1723ರ ಮೇ 30ರಿಂದ ಕ್ಯಾಂಟಾಟಾಗಳ ಸಾಲು ಶುರುವಾಯ್ತು. ಕ್ಯಾಂಟಾಟಾ ಅಂದ್ರೆ ಆ ದಿನದ ಬೈಬಲ್ ಪಾಠಕ್ಕೆ ಹೊಂದುವ, ಹಲವು ಭಾಗಗಳ ಗಾಯನಕೃತಿ. ಹಾಡಿನ ಮಾತುಗಳನ್ನು ಹಲವು ಭಾನುವಾರಗಳಿಗೆ ಸೇರಿಸಿ ಕಿರುಪುಸ್ತಕವಾಗಿ ಮೊದಲೇ ಅಚ್ಚು ಹಾಕಿಸುತ್ತಿದ್ದರು. ಹಾಗಾಗಿ ಈ ವಾರ ಏನು ಮಾಡೋದು ಅನ್ನೋ ಪ್ರಶ್ನೆ ಸೋಮವಾರಕ್ಕೆ ಉಳಿಯುತ್ತಿರಲಿಲ್ಲ. ಚೌಕಟ್ಟೂ ಹೆಚ್ಚುಕಡಿಮೆ ಗೊತ್ತಿದ್ದದ್ದೇ: ಮೊದಲು ದೊಡ್ಡ ಮೇಳಗಾಯನ, ನಡುವೆ ಒಬ್ಬೊಬ್ಬರ ಹಾಡು, ಕೊನೆಗೆ ಸರಳವಾದ ಭಜನೆಯಂಥ ಕೀರ್ತನೆ. 1724ರ ಜೂನ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿ ಕೃತಿಯನ್ನೂ ಜನರಿಗೆ ಗೊತ್ತಿರುವ ಒಂದು ಹಳೆಯ ಕೀರ್ತನೆಯ ಮೇಲೆ ಕಟ್ಟಲು ಆರಂಭಿಸಿದರು. ಒಂಬತ್ತು ತಿಂಗಳಲ್ಲಿ ಸುಮಾರು 40 ಕೃತಿಗಳಾದವು.

ಬರೆದ ಮೇಲೆ ಪ್ರತಿ ವಾದ್ಯಕ್ಕೂ, ಪ್ರತಿ ದನಿಗೂ ಬೇರೆ ಬೇರೆ ಹಾಳೆ ನಕಲಾಗಬೇಕು. ಇದಕ್ಕೆ ಶಾಲೆಯ ಹುಡುಗರು, ಹೆಂಡತಿ ಆನ್ನಾ ಮಾಗ್ಡಲೇನಾ, ಮಕ್ಕಳು ಎಲ್ಲರೂ ಕೂರುತ್ತಿದ್ದರು. ನಮ್ಮ ಪೈಪ್‌ಲೈನ್ ಥರವೇ ಅನ್ನಿ. ಬಾಖ್ ಅವರ ಹಸ್ತಪ್ರತಿಗಳಲ್ಲಿ ಒಂದು ಚಿಕ್ಕ ವಿಷಯ ನಮಗೆ ತುಂಬಾ ಹಿಡಿಸಿತು. ಪುಟ ತುಂಬಿದರೆ ಶಾಯಿ ಒಣಗುವವರೆಗೆ ತಿರುವುವಂತಿಲ್ಲ. ಆ ಹೊತ್ತಲ್ಲಿ ಮುಂದಿನ ಪುಟದ ಮೊದಲ ಕೆಲವು ಸ್ವರಗಳನ್ನು ಅದೇ ಪುಟದ ಅಡಿಯಲ್ಲಿ ಗೀಚಿಡುತ್ತಿದ್ದರು. ಎಳೆ ತಪ್ಪುತ್ತಿರಲಿಲ್ಲ.

ಈಸ್ಟರ್‌ಗೆ ಮುಂಚಿನ ಉಪವಾಸದ ಹೆಚ್ಚಿನ ಭಾನುವಾರಗಳಲ್ಲಿ ಲೈಪ್‌ಜಿಗ್‌ನಲ್ಲಿ ಕ್ಯಾಂಟಾಟಾ ಇರುತ್ತಿರಲಿಲ್ಲ. ಆ ಬಿಡುವು ದೊಡ್ಡ ಕೆಲಸಗಳಿಗೆ ಒದಗಿತು. ಸುಮಾರು ಎರಡು ಗಂಟೆಯ ಸಂತ ಜಾನ್ ಪ್ಯಾಷನ್ 1724ರ ಗುಡ್ ಫ್ರೈಡೇಗೆ ಸಿದ್ಧವಾಗಿತ್ತು.

ಇದೆಲ್ಲ ಸುಖದ ಮನೆಯಲ್ಲಿ ನಡೆದದ್ದಲ್ಲ. ಎರಡು ಮದುವೆಯಿಂದ ಹುಟ್ಟಿದ 20 ಮಕ್ಕಳಲ್ಲಿ ದೊಡ್ಡವರಾದದ್ದು ಹತ್ತೇ ಜನ. 1726ರ ಜೂನ್ ಕೊನೆಯಲ್ಲಿ ಮೂರು ವರ್ಷದ ಮಗಳು ತೀರಿಕೊಂಡಳು. ಆದರೂ ಭಾನುವಾರ ಬರೋದು ನಿಲ್ಲಲಿಲ್ಲ. ಆ ವರ್ಷ ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗೆ ತಮ್ಮ ಬಂಧು ಯೋಹಾನ್ ಲುಡ್ವಿಗ್ ಬಾಖ್ ರಚಿಸಿದ 18 ಕ್ಯಾಂಟಾಟಾಗಳನ್ನು ಹಾಡಿಸಿದರು. ಎಲ್ಲವೂ ತನ್ನದೇ ಆಗಿರಬೇಕು, ಹೊಸದೇ ಆಗಿರಬೇಕು ಅನ್ನೋ ಹಟ ಅವರಿಗಿರಲಿಲ್ಲ. 1734ರ ಕ್ರಿಸ್ಮಸ್ ಆರಟೋರಿಯೋದಲ್ಲಿ ರಾಜಮನೆತನದ ಹುಟ್ಟುಹಬ್ಬಗಳಿಗೆ ಬರೆದ ಸಂಗೀತವೇ ಹೊಸ ಮಾತು ತೊಟ್ಟು ಬಂತು.

1730ರಲ್ಲಿ ಹಾಡುಗಾರರೂ ವಾದಕರೂ ಸಾಲದು ಅಂತ ನಗರಸಭೆಗೆ ಲೆಕ್ಕ ಸಮೇತ ಬರೆದುಕೊಟ್ಟರು. 1750ರ ಜುಲೈ 28ರಂದು, ಕಣ್ಣಿನ ಶಸ್ತ್ರಚಿಕಿತ್ಸೆ ಫಲಿಸದೆ ದೃಷ್ಟಿ ಕಳೆದುಕೊಂಡಿದ್ದ ಬಾಖ್ ತೀರಿಕೊಂಡರು. ಅವರ ಸುಮಾರು 200 ಕ್ಯಾಂಟಾಟಾಗಳು ಇಂದಿಗೂ ಉಳಿದಿವೆ.

ನಮ್ಮಲ್ಲಿ ಕವನ ಬರೆಯೋರು, ಚಿತ್ರ ಬಿಡಿಸೋರು, ಟ್ಯೂನ್ ಹಾಕೋರು ಬಹಳ ಜನ ಇದ್ದೀವಿ. ಮೂಡ್ ಬರಲಿ ಅಂತ ಕಾಯ್ತಾ ಸೆಮಿಸ್ಟರ್ ಮುಗಿಸ್ತೀವಿ. ಬಾಖ್ ಅವರ ಪ್ರತಿಭೆ ನಮಗೆ ಸಿಗೋದಿಲ್ಲ ಬಿಡಿ. ಆದರೆ ಏನು ಮಾಡೋದು ಅಂತ ವಾರ ಶುರುವಾಗೋ ಮೊದಲೇ ತೀರ್ಮಾನಿಸಿ, ಕಷ್ಟದ ವಾರದಲ್ಲಿ ಇನ್ನೊಬ್ಬರ ಕೈ ಹಿಡಿದು, ನಾಳೆಯ ಮೊದಲ ಸಾಲನ್ನು ಇವತ್ತಿನ ಪುಟದ ಅಡಿಯಲ್ಲಿ ಗೀಚಿಡೋದು ನಮ್ಮಿಂದಲೂ ಆಗುತ್ತೆ.