ನಾಲಿಗೆಯ ಗಂಟು

ಪರೀಕ್ಷೆಗೆ ಹೊರಡುವಾಗಲೆಲ್ಲ ಅಮ್ಮಿ ನನ್ನಿಂದ ಒಂದು ದುಆ ಹೇಳಿಸುತ್ತಾರೆ. ಚಿಕ್ಕಂದಿನಿಂದ ಅದು ನನಗೆ ಬಾಯಿಪಾಠ. ಅದನ್ನು ಪರೀಕ್ಷೆಯ ದುಆ ಎಂದೇ ತಿಳಿದಿದ್ದೆ. ಈ ವರ್ಷ ತರಗತಿಯ ಸೆಮಿನಾರಿನಲ್ಲಿ ಕನ್ನಡದಲ್ಲಿ ಮಾತನಾಡಲು ನಿಂತಾಗ ಹಣ ಎನ್ನುವ ಕಡೆಯಲ್ಲೆಲ್ಲ ಹನ ಎಂದೆ. ಎಲ್ಲರೂ ನಕ್ಕರು. ಅರ್ಧಕ್ಕೇ ನಿಲ್ಲಿಸಿ ಕುಳಿತುಬಿಟ್ಟೆ. ಅಂದು ಸಂಜೆ ಅಮ್ಮಿ ಆ ದುಆ ಯಾರದೆಂದು ಹೇಳಿದರು.

ಅದು ಪ್ರವಾದಿ ಮೂಸಾ(ಅ) ಅವರ ದುಆ. ಪವಿತ್ರ ಕುರ್‌ಆನ್‌ನಲ್ಲಿ ಅತಿ ಹೆಚ್ಚು ಬಾರಿ ಹೆಸರು ಬರುವ ಪ್ರವಾದಿ ಅವರೇ. ಕ್ರೈಸ್ತರು ಅವರನ್ನು ಮೋಶೆ ಎನ್ನುತ್ತಾರೆ.

ಈಜಿಪ್ಟಿನ ದೊರೆ ಫಿರ್‌ಔನ್ ಬನೀ ಇಸ್ರಾಈಲರ ಗಂಡುಮಕ್ಕಳನ್ನು ಕೊಲ್ಲಿಸುತ್ತಿದ್ದ ಕಾಲದಲ್ಲಿ ಮೂಸಾ(ಅ) ಹುಟ್ಟಿದರು. ತಾಯಿ ಮಗುವನ್ನು ಪೆಟ್ಟಿಗೆಯಲ್ಲಿಟ್ಟು ನೀರಿಗೆ ಬಿಟ್ಟರು. ಆ ಮಗು ಬೆಳೆದದ್ದು ಅದೇ ಫಿರ್‌ಔನನ ಅರಮನೆಯಲ್ಲಿ! ಪ್ರಾಯಕ್ಕೆ ಬಂದಾಗ ಒಂದು ಜಗಳದಲ್ಲಿ ಅವರ ಏಟಿಗೆ ಒಬ್ಬ ಸತ್ತುಹೋದ. ಪ್ರಾಣಭಯದಿಂದ ಮದ್‌ಯನ್‌ಗೆ ಹೋದರು. ಅಲ್ಲಿ ನೀರಿನ ಬಳಿ ಕಾಯುತ್ತಿದ್ದ ಇಬ್ಬರು ಸಹೋದರಿಯರ ಕುರಿಗಳಿಗೆ ನೀರು ಕುಡಿಸಿಕೊಟ್ಟರು. ಅವರ ತಂದೆ 8 ವರ್ಷ ದುಡಿಯಬೇಕು, 10 ಪೂರೈಸಿದರೆ ಅದು ನಿನ್ನ ಇಷ್ಟ ಎಂಬ ಕರಾರಿನ ಮೇಲೆ ಒಬ್ಬ ಮಗಳನ್ನು ಮದುವೆ ಮಾಡಿಕೊಟ್ಟರು.

ಅವಧಿ ಮುಗಿಸಿ ಸಂಸಾರದೊಂದಿಗೆ ಹೊರಟಾಗ ತೂರ್ ಬೆಟ್ಟದ ಕಡೆ ಬೆಂಕಿ ಕಂಡಿತು. ಕೊಳ್ಳಿ ಸಿಗಬಹುದು, ದಾರಿಯಾದರೂ ತಿಳಿಯಬಹುದು ಎಂದು ಒಬ್ಬರೇ ಹೋದರು. ಅದು ತುವಾ ಎಂಬ ಪವಿತ್ರ ಕಣಿವೆ. ಪಾದರಕ್ಷೆ ಕಳಚುವಂತೆ ಕರೆ ಕೇಳಿಸಿತು. ಅಲ್ಲಾಹನೇ ಅವರೊಂದಿಗೆ ಮಾತನಾಡಿದ್ದನು. ಕೈಯಲ್ಲಿದ್ದ ಕೋಲು ಹಾವಾಯಿತು, ಕೈ ಬೆಳ್ಳಗೆ ಹೊಳೆಯಿತು. ಫಿರ್‌ಔನನ ಬಳಿಗೆ ಹೋಗಬೇಕೆಂದು ಆಜ್ಞೆಯಾಯಿತು.

ಆಗ ಅವರು ಮಾಡಿದ್ದೇ ಆ ದುಆ. ಎದೆಯನ್ನು ವಿಶಾಲಗೊಳಿಸು, ಕೆಲಸವನ್ನು ಸುಲಭಗೊಳಿಸು, ಜನರಿಗೆ ನನ್ನ ಮಾತು ಅರ್ಥವಾಗುವಂತೆ ನಾಲಿಗೆಯ ಗಂಟು ಬಿಡಿಸು ಎಂದು ಬೇಡಿಕೊಂಡರು. ತನಗಿಂತ ಚೆನ್ನಾಗಿ ಮಾತನಾಡಬಲ್ಲ ಅಣ್ಣ ಹಾರೂನ್(ಅ) ಅವರನ್ನು ಈ ಕೆಲಸದಲ್ಲಿ ಪಾಲುದಾರನನ್ನಾಗಿ ಕೊಡು ಎಂದೂ ಕೇಳಿದರು. ಅಕೌಂಟೆನ್ಸಿಯಲ್ಲಿ ನಾವು ಓದುವ ಪಾಲುದಾರಿಕೆಯಲ್ಲಿ ಲಾಭ ಹಂಚಿಕೊಳ್ಳುತ್ತಾರೆ. ಇಲ್ಲಿ ಹಂಚಿಕೊಂಡದ್ದು ಹೊಣೆಯನ್ನು. ಬೈಬಲ್ಲಿನ ವಿಮೋಚನಕಾಂಡದ ಪ್ರಕಾರ ಫಿರ್‌ಔನನ ಮುಂದೆ ನಿಂತಾಗ ಮೋಶೆಗೆ 80 ವರ್ಷ, ಅಣ್ಣನಿಗೆ 83.

ಅಲ್ಲಾಹನು ಅವರ ಬೇಡಿಕೆಯನ್ನು ಈಡೇರಿಸಿದನು. ಆದರೂ ಫಿರ್‌ಔನ್ ತನ್ನ ಜನರ ಮುಂದೆ, ಇವನಿಗೆ ಸರಿಯಾಗಿ ಮಾತನಾಡಲೂ ಬರುವುದಿಲ್ಲ ಎಂದು ಹಂಗಿಸಿದ. ಇದನ್ನು ತಿಳಿದಾಗ ನನಗೆ ಆಶ್ಚರ್ಯವಾಯಿತು. ದುಆ ಸ್ವೀಕಾರವಾದರೂ ಹಂಗಿಸುವವರ ಬಾಯಿ ಮುಚ್ಚಲಿಲ್ಲ. ಆದರೆ ಮೂಸಾ(ಅ) ಹೇಳಬೇಕಾದದ್ದನ್ನು ಅರ್ಧಕ್ಕೆ ನಿಲ್ಲಿಸಲಿಲ್ಲ. ಕೊನೆಗೆ ಅವರು ತಮ್ಮ ಜನರೊಂದಿಗೆ ಸಮುದ್ರ ದಾಟಿದರು, ಹಂಗಿಸಿದವನು ಅದರಲ್ಲೇ ಮುಳುಗಿದ. ಆ ಮೂಸಾ(ಅ) ಅವರನ್ನೇ ನಾವು ಇಂದು ಕಲೀಮುಲ್ಲಾಹ್, ಅಂದರೆ ಅಲ್ಲಾಹನೊಂದಿಗೆ ಮಾತನಾಡಿದವರು ಎಂದು ಕರೆಯುತ್ತೇವೆ.

ನನ್ನ ಮನೆಮಾತು ಉರ್ದು. ಣ ಮತ್ತು ಳ ಈಗಲೂ ನನ್ನನ್ನು ಕಾಡುತ್ತವೆ. ಈ ಬರಹದ ತಪ್ಪುಗಳನ್ನು ಪಕ್ಕದ ಬೆಂಚಿನ ಗೆಳತಿ ತಿದ್ದಿಕೊಟ್ಟಿದ್ದಾಳೆ. ಕೇಳಲು ಮೊದಲು ನಾಚಿಕೆಯಾಗಿತ್ತು. ಅರ್ಧಕ್ಕೆ ಬಿಟ್ಟ ಸೆಮಿನಾರನ್ನು ಮುಂದಿನ ವಾರ ಮುಗಿಸುತ್ತೇನೆಂದು ಉಪನ್ಯಾಸಕರಿಗೆ ಹೇಳಿದ್ದೇನೆ. ಭಯ ಇನ್ನೂ ಇದೆ, ದುಆ ಕೂಡ ಇದೆ.

ನಮ್ಮೆಲ್ಲರ ನಾಲಿಗೆಯ ಗಂಟನ್ನು ಅಲ್ಲಾಹನು ಬಿಡಿಸಲಿ. ಆಮೀನ್.