ಎಲೆಅಡಿಕೆ ಚೀಲ ಹಿಡಿದಾಕೆಯ ಗೃಹಿಣಿಧರ್ಮ

ಯಳಂದೂರಿನಲ್ಲಿ ಇಳಿದು ಬಿಳಿಗಿರಿರಂಗನ ಬೆಟ್ಟದ ಬಸ್ಸಿಗೆ ಕಾಯುವವರಿಗೆ ಲೆಕ್ಕವಿಲ್ಲ. ಸಂಚಿ ಹೊನ್ನಮ್ಮ ಇದೇ ಊರಿನ ಹೆಣ್ಣುಮಗಳು ಎಂಬುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ! ಸ್ಕೂಲಿನಲ್ಲಿ ಅವಳ ಒಂದು ಪದ್ಯ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತವರೇ ಹೆಚ್ಚು.

ಸಂಚಿ ಅಂದರೆ ಬೇರೇನಲ್ಲ, ಎಲೆಅಡಿಕೆ ಚೀಲ. ಚಿಕ್ಕದೇವರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರಿಗೆ ಆ ಚೀಲ ಹಿಡಿದು ನಿಲ್ಲುವುದು ಹೊನ್ನಮ್ಮನ ಚಾಕರಿ. ಆಗ ರಾಜಧಾನಿ ಶ್ರೀರಂಗಪಟ್ಟಣ. 1673ರಿಂದ 1704ರವರೆಗೆ ಆಳಿದ ಈ ಅರಸರು ಲೆಕ್ಕಾಚಾರದಲ್ಲಿ ಗಟ್ಟಿ ಕುಳ. ಮೂರು ಲಕ್ಷ ಎಣಿಸಿ ಬೆಂಗಳೂರನ್ನೇ ಕೊಂಡವರು! ಕವಿ ಪಂಡಿತರಿಗೂ ಅರಮನೆಯಲ್ಲಿ ಜಾಗವಿತ್ತು. ಅವರಲ್ಲೊಬ್ಬರಾದ ಸಿಂಗರಾರ್ಯರು ಈ ಚೀಲದವಳಿಗೆ ಕಾವ್ಯಪಾಠ ಹೇಳಿದರು. ದೊಡ್ಡ ಮನಸ್ಸೇ ಸರಿ.

ಅರಸರ ಅಪ್ಪಣೆಯಾಯಿತು. ಹೊನ್ನಮ್ಮ ಬರೆದದ್ದು 'ಹದಿಬದೆಯ ಧರ್ಮ'. ಹದಿಬದೆ ಎಂದರೆ ಪತಿವ್ರತೆ. ಹೆಂಗಸರು ಹಾಡಿಕೊಳ್ಳಲು ಬರುವಂಥ ಸಾಂಗತ್ಯದ ಮಟ್ಟು, ಒಂಬತ್ತು ಸಂಧಿ.

ಅದರೊಳಗೆ ಕ್ರಾಂತಿ ಗೀಂತಿ ಏನೂ ಇಲ್ಲ. ಗಂಡನ ಮನಸ್ಸರಿತು ನಡೆಯಬೇಕು, ಅತ್ತೆ-ಮಾವಂದಿರ ಸೇವೆ ಮಾಡಬೇಕು, ಮನೆಯ ಮಾನ ಕಾಯಬೇಕು. ಶಾಸ್ತ್ರ-ಪುರಾಣಗಳ ಆಧಾರ ಬೇರೆ. ಇವತ್ತಿನ ಸೊಸೆಯ ಕೈಗೆ ಕೊಟ್ಟರೆ ಅರ್ಧಕ್ಕೇ ಮುಚ್ಚಿಟ್ಟಾಳು! ಅದಕ್ಕೇ ಭಾಷಣಕಾರರು ಹೆಣ್ಣಿನ ಪರವಾದ ಒಂದೇ ಪದ್ಯ ಎತ್ತಿಕೊಂಡು ಉಳಿದದ್ದನ್ನು ಮೆಲ್ಲಗೆ ಬದಿಗೆ ಸರಿಸುತ್ತಾರೆ. ಇದು ಹೊನ್ನಮ್ಮನಿಗೆ ಮಾಡುವ ಅನ್ಯಾಯ. ಅವಳು ಸಂಪ್ರದಾಯಸ್ಥೆ, ಅದರಲ್ಲಿ ಮುಚ್ಚುಮರೆ ಇಲ್ಲ.

ಆದರೆ ಮನೆಯ ಭಾರವನ್ನೆಲ್ಲ ಹೆಣ್ಣಿನ ತಲೆಗೆ ಹೊರಿಸಿದ ಅದೇ ಹೊನ್ನಮ್ಮ, ಹೆಣ್ಣನ್ನು ಹಗುರ ಮಾಡುವವರಿಗೆ ಸರಿಯಾಗಿ ಛೀಮಾರಿ ಹಾಕಿದ್ದಾಳೆ. ಹೆತ್ತವಳು, ಸಾಕಿದವಳು ಹೆಂಗಸೇ ಆಗಿರುವಾಗ ಮಗಳು ಹುಟ್ಟಿದಳೆಂದು ಮೂಗು ಮುರಿಯುವವರು ವಿವೇಕಗೆಟ್ಟವರು ಎಂಬುದು ಅವಳ ವಾದ. ಗಂಡಾಗಲಿ ಹೆಣ್ಣಾಗಲಿ, ಚೆನ್ನಾಗಿ ಬಾಳುವ ಮಗುವಿನಿಂದಲೇ ಹೆತ್ತವರಿಗೆ ಇಹದಲ್ಲೂ ಪರದಲ್ಲೂ ಸುಖ. ಸದ್ಗತಿಗೆ ಗಂಡುಮಗನೇ ಬೇಕು ಎಂದು ನಂಬಿದ್ದ ಕಾಲ ಅದು. ಅರಮನೆಯಲ್ಲೇ ನಿಂತು ಹೀಗೆ ಹೇಳಲು ಗುಂಡಿಗೆ ಬೇಕು. ಧರ್ಮದ ಮಾತು ಆಡುತ್ತಲೇ ಆಡಿದ್ದರಿಂದ ಯಾರೂ ಅದನ್ನು ತಳ್ಳಿಹಾಕುವಂತಿರಲಿಲ್ಲ.

ಸುಮಾರು ಮುನ್ನೂರು ವರ್ಷವಾಯಿತು. 2023ರಲ್ಲಿ, ಅದೇ ಶ್ರೀರಂಗಪಟ್ಟಣ ಸೇರಿರುವ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣುಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಪೊಲೀಸರ ಕೈಗೆ ಸಿಕ್ಕಿತು. ಬೆಲ್ಲ ಬೇಯಿಸುವ ಜಾಗದಲ್ಲಿ ಈ ಕೆಲಸ! ಅಲ್ಲಿಗೆ ಹೋದವರಲ್ಲಿ ಎಷ್ಟು ಮಂದಿ ಹೊನ್ನಮ್ಮನ ಪದ್ಯ ಬಾಯಿಪಾಠ ಮಾಡಿದವರೋ, ದೇವರೇ ಬಲ್ಲ.

ಇನ್ನೊಂದು ಮಾತು. ಹೊಸಿಲೊಳಗಿನ ಧರ್ಮ ಹೇಳಿದ ಹೊನ್ನಮ್ಮ ತಾನು ಮಾತ್ರ ಅರಮನೆ ಚಾಕರಿ ಮಾಡಿದಳು, ಪಂಡಿತರ ಬಳಿ ಓದಿದಳು ಎಂದು ಕೊಂಕು ತೆಗೆಯುವವರಿದ್ದಾರೆ. ಅದರಲ್ಲಿ ನಗುವಂಥದ್ದೇನಿದೆ? ಅವಳು ಆ ಚೀಲ ಹಿಡಿದು ರಾಣಿಯ ಪಕ್ಕದಲ್ಲಿ ನಿಂತದ್ದಕ್ಕೇ ಸಿಂಗರಾರ್ಯರ ಪಾಠ ಸಿಕ್ಕಿದ್ದು, ಪುಸ್ತಕ ಆದದ್ದು. ಅದೇ ಆಸ್ಥಾನದಲ್ಲಿ ಶೃಂಗಾರಮ್ಮ ಎಂಬ ಇನ್ನೊಬ್ಬಾಕೆಯೂ 'ಪದ್ಮಿನೀ ಕಲ್ಯಾಣ' ಬರೆದಳು.