ಮಾನವ ಸ್ವಭಾವದ ಶೋಧಕ ಯೂಂಗ್

ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನು ಜಾತ್ರೆಯ ಗದ್ದಲದಲ್ಲಿ ಉಲ್ಲಾಸಗೊಳ್ಳುತ್ತಾನೆ. ಇನ್ನೊಬ್ಬನು ಅದೇ ಗದ್ದಲದಿಂದ ದಣಿದು ಮನೆಯ ಮೂಲೆಯನ್ನು ಹುಡುಕುತ್ತಾನೆ. ಇದು ಎಲ್ಲರೂ ಬಲ್ಲ ಸಂಗತಿ. ಈ ಸಾಮಾನ್ಯ ಸಂಗತಿಯನ್ನೇ ಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸಿ, ಅದರ ಬೆಳಕಿನಲ್ಲಿ ಕವಿಗಳನ್ನೂ ತತ್ತ್ವಜ್ಞಾನಿಗಳನ್ನೂ ಕಾವ್ಯದ ಪಾತ್ರಗಳನ್ನೂ ನೋಡಿದವನು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಕಾರ್ಲ್ ಗುಸ್ತಾವ್ ಯೂಂಗ್. ಅಂತರ್ಮುಖಿ, ಬಹಿರ್ಮುಖಿ ಎಂದು ನಾವು ಇಂದು ಸಲೀಸಾಗಿ ಆಡುವ ಮಾತುಗಳ ಹಿಂದೆ ಆತನ ಬಾಳಿನ ದೊಡ್ಡ ನೋವೊಂದು ಅಡಗಿದೆ.

ಯೂಂಗನು ೧೮೭೫ರ ಜುಲೈ ೨೬ರಂದು ಕಾನ್‌ಸ್ಟನ್ಸ್ ಸರೋವರದ ದಡದಲ್ಲಿರುವ ಕೆಸ್‌ವಿಲ್ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಹಳ್ಳಿಯ ಪಾದ್ರಿ. ಒಂಬತ್ತು ವರ್ಷದವರೆಗೆ ಒಡಹುಟ್ಟಿದವರಿಲ್ಲದೆ ಬೆಳೆದ ಹುಡುಗನಿಗೆ ತನ್ನ ಮನಸ್ಸೇ ಜೊತೆಗಾರ. ೧೮೯೫ರಲ್ಲಿ ಬಾಸೆಲ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯವ್ಯಾಸಂಗಕ್ಕೆ ಸೇರಿದನು. ಮರುವರ್ಷವೇ ತಂದೆ ತೀರಿಕೊಂಡನು. ಬಂಧುಗಳ ನೆರವಿನಿಂದ ಓದು ಮುಗಿಸಿ, ೧೯೦೦ರಲ್ಲಿ ಜೂರಿಚ್ ನಗರದ ಬುರ್ಗ್‌ಹೋಲ್ಜ್ಲಿ ಮಾನಸಿಕ ಆಸ್ಪತ್ರೆಯನ್ನು ಸೇರಿದನು.

ಅಲ್ಲಿ ಅವನು ನಡೆಸಿದ ಪ್ರಯೋಗ ನೋಡಲು ಸರಳವಾದುದು. ರೋಗಿಗೆ ಒಂದೊಂದೇ ಪದವನ್ನು ಹೇಳುವುದು. ಕೇಳಿದೊಡನೆ ಹೊಳೆದ ಪದವನ್ನು ರೋಗಿ ನುಡಿಯಬೇಕು. ಉತ್ತರಕ್ಕೆ ಹಿಡಿದ ಕಾಲವನ್ನು ಗಡಿಯಾರದಿಂದ ಅಳೆಯುವುದು. ರೋಗಿ ಯಾವ ಪದದ ಮುಂದೆ ತಡವರಿಸುವನೋ ಅಲ್ಲಿ ಅವನಿಗೇ ತಿಳಿಯದ ಅಳಲೊಂದು ಅಡಗಿರಬಹುದೆಂದು ಯೂಂಗನು ಕಂಡುಕೊಂಡನು.

ಈ ಕೆಲಸವೇ ಅವನನ್ನು ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡನ ಬಳಿಗೆ ಒಯ್ದಿತು. ಇಬ್ಬರೂ ಮೊದಲ ಬಾರಿಗೆ ಸಂಧಿಸಿದ್ದು ೧೯೦೭ರಲ್ಲಿ. ಹತ್ತೊಂಬತ್ತು ವರ್ಷ ಹಿರಿಯನಾದ ಫ್ರಾಯ್ಡನು ಯೂಂಗನನ್ನು ತನ್ನ ವಿದ್ಯೆಯ ಉತ್ತರಾಧಿಕಾರಿಯಂತೆ ಕಂಡನು. ೧೯೧೦ರಲ್ಲಿ ಅಂತರರಾಷ್ಟ್ರೀಯ ಮನೋವಿಶ್ಲೇಷಣ ಸಂಘವು ಸ್ಥಾಪಿತವಾದಾಗ ಯೂಂಗನೇ ಅದರ ಮೊದಲ ಅಧ್ಯಕ್ಷನಾದನು. ಆದರೆ ಮನಸ್ಸಿನ ಶಕ್ತಿಗೆಲ್ಲ ಕಾಮವೇ ಮೂಲವೆಂಬ ಹಿರಿಯನ ಮತವನ್ನು ಕಿರಿಯನು ಒಪ್ಪಲಾರದೆ ಹೋದನು. ೧೯೧೩ರಲ್ಲಿ ಸ್ನೇಹ ಮುರಿದುಬಿದ್ದಿತು. ಆಮೇಲಿನ ಕೆಲವು ವರ್ಷ ಯೂಂಗನು ತೀವ್ರವಾದ ಮನಃಕ್ಷೋಭೆಯಲ್ಲಿ ಬೆಂದನು. ಆ ದಿನಗಳಲ್ಲಿ ತನಗೆ ಕಂಡ ದೃಶ್ಯಗಳನ್ನು ಅವನು ಚಿತ್ರಸಹಿತ ಬರೆದಿಟ್ಟ ಕೆಂಪು ಹೊದಿಕೆಯ ಪುಸ್ತಕವು ಅಚ್ಚಾದುದು ೨೦೦೯ರಲ್ಲಿ.

ಅವನನ್ನು ಕಾಡಿದ ಪ್ರಶ್ನೆ ಇದು. ಫ್ರಾಯ್ಡನೂ ಪ್ರಾಮಾಣಿಕ, ಅವನನ್ನು ತೊರೆದು ಹೋಗಿದ್ದ ಆಲ್‌ಫ್ರೆಡ್ ಆಡ್ಲರನೂ ಪ್ರಾಮಾಣಿಕ. ಒಂದೇ ಬಗೆಯ ರೋಗಿಗಳಲ್ಲಿ ಒಬ್ಬನು ಹೊರಗಿನ ವಸ್ತುವಿನತ್ತ ಹರಿಯುವ ಬಯಕೆಯನ್ನು ಕಂಡನು. ಮತ್ತೊಬ್ಬನು ತಾನು ಕೀಳಲ್ಲವೆಂದು ಸಾಧಿಸಹೊರಟ ಅಹಂಭಾವವನ್ನು ಕಂಡನು. ಇಬ್ಬರಲ್ಲಿ ಸುಳ್ಳು ಯಾರದು? ಯಾರದೂ ಅಲ್ಲ, ಇಬ್ಬರೂ ತಂತಮ್ಮ ಸ್ವಭಾವದ ಕಿಟಕಿಯಿಂದ ನೋಡಿದರು ಎಂಬುದೇ ಯೂಂಗನ ಉತ್ತರ. ಈ ವಿಚಾರದ ಮೊದಲ ರೂಪವನ್ನು ೧೯೧೩ರಲ್ಲಿ ಮ್ಯೂನಿಕ್ ನಗರದ ಸಮ್ಮೇಳನದಲ್ಲಿ ಮಂಡಿಸಿದನು. ಅದು ಬೆಳೆದು ೧೯೨೧ರಲ್ಲಿ ಮಾನಸಿಕ ಪ್ರಕಾರಗಳನ್ನು ಕುರಿತ ಬೃಹದ್ಗ್ರಂಥವಾಯಿತು.

ಮನಸ್ಸು ಹೊರಮುಖವಾಗಿ ಹರಿಯಬಹುದು, ಒಳಮುಖವಾಗಿ ಹರಿಯಬಹುದು. ಇದಲ್ಲದೆ ಆಲೋಚನೆ, ಭಾವನೆ, ಸಂವೇದನೆ, ಅಂತಃಸ್ಫುರಣೆ ಎಂಬ ನಾಲ್ಕು ವ್ಯಾಪಾರಗಳಲ್ಲಿ ಒಂದು ಪ್ರಧಾನವಾಗಬಹುದು. ಹೀಗೆ ಎಂಟು ಪ್ರಕಾರಗಳು. ಡಾರ್ವಿನ್ನನದು ಹೊರಗಿನ ವಸ್ತುಗಳನ್ನು ಆಶ್ರಯಿಸಿದ ಆಲೋಚನೆ. ಕಾಂಟನದು ಒಳಗಣ ತತ್ತ್ವವನ್ನು ಆಶ್ರಯಿಸಿದ ಆಲೋಚನೆ. ಷಿಲ್ಲರ್ ಕವಿ ಅಂತರ್ಮುಖಿ, ಗಯಟೆ ಬಹಿರ್ಮುಖಿ. ಸ್ಪಿಟ್ಟೆಲರ್ ಕವಿಯ ಕಾವ್ಯದಲ್ಲಿ ತನ್ನ ಆತ್ಮವನ್ನು ಮಾರಲೊಲ್ಲದೆ ರಾಜಪದವಿಯನ್ನು ತಿರಸ್ಕರಿಸಿದ ಪ್ರೊಮಿಥ್ಯೂಸನು ಅಂತರ್ಮುಖಿ. ಲೋಕದ ಮಾತಿಗೆ ತಲೆಬಾಗಿ ಅದನ್ನು ಸ್ವೀಕರಿಸಿದ ಎಪಿಮಿಥ್ಯೂಸನು ಬಹಿರ್ಮುಖಿ. ದ್ವಂದ್ವಗಳನ್ನು ಮೀರುವ ಭಾರತೀಯ ಚಿಂತನೆಗೂ ಈ ಗ್ರಂಥದಲ್ಲಿ ಸ್ಥಾನ ದೊರೆತಿದೆ.

ಈ ಅಳತೆಗೋಲನ್ನು ನಮ್ಮ ಮಹಾಭಾರತಕ್ಕೂ ಹಿಡಿದು ನೋಡಬಹುದು. ಸಭೆಯಲ್ಲಿ ಧರ್ಮದ ಸೂಕ್ಷ್ಮವನ್ನು ತೂಗುತ್ತ ತಲೆತಗ್ಗಿಸಿ ಕುಳಿತ ಧರ್ಮರಾಯನು ಅಂತರ್ಮುಖಿ, ಕೆರಳಿ ನಿಂತ ಭೀಮನು ಬಹಿರ್ಮುಖಿ ಎನ್ನೋಣ. ಆದರೆ ದ್ರೌಪದಿಯ ಒಂದು ಆಸೆಗಾಗಿ ಸೌಗಂಧಿಕಾ ಪುಷ್ಪವನ್ನು ಅರಸಿ ಒಬ್ಬನೇ ಕಾಡು ಹೊಕ್ಕ ಭೀಮನು ಆ ಒಂದು ಮಾತಿನಲ್ಲಿ ಅಡಗುವನೇ? ಅಳತೆಗೋಲು ಅಳೆಯುತ್ತದೆ, ಅಳೆಯಲಾಗದ್ದು ಮಿಕ್ಕೇ ಮಿಗುತ್ತದೆ. ಯೂಂಗನಿಗೂ ಇದು ತಿಳಿದಿತ್ತು. ಜನರಿಗೆ ಹಣೆಪಟ್ಟಿ ಹಚ್ಚುವುದಕ್ಕೆ ತನ್ನ ಗ್ರಂಥವನ್ನು ಬಳಸಬಾರದೆಂದು ಅವನು ಓದುಗರನ್ನು ಎಚ್ಚರಿಸಿದನು.

ಹೀಗೆ ಎಚ್ಚರಿಸಿದವನೇ ಎಡವಿದ್ದು ದುಃಖದ ಸಂಗತಿ. ೧೯೩೩ರಲ್ಲಿ, ಹಿಟ್ಲರನು ಅಧಿಕಾರಕ್ಕೆ ಬಂದ ವರ್ಷ, ಜರ್ಮನಿಯಲ್ಲಿ ನೆಲೆಯಿದ್ದ ಮನಶ್ಚಿಕಿತ್ಸಕರ ಸಂಘದ ಅಧ್ಯಕ್ಷತೆಯನ್ನು ವಹಿಸಿಕೊಂಡನು. ಮರುವರ್ಷ ಯೆಹೂದ್ಯರ ಮನಸ್ಸು ಬೇರೆ, ಆರ್ಯರ ಮನಸ್ಸು ಬೇರೆ ಎಂಬಂತೆ ಬರೆದನು. ಯೆಹೂದ್ಯ ವೈದ್ಯರು ಸಂಘದಲ್ಲಿ ಉಳಿಯಲು ಅವನು ದಾರಿ ಮಾಡಿದ್ದೂ ನಿಜ. ಆದರೂ ಆ ಬರಹದ ಕಳಂಕ ಅಳಿಯಲಿಲ್ಲ. ವ್ಯಕ್ತಿಯನ್ನು ಅರಿಯಲು ಹುಟ್ಟಿದ ಶಾಸ್ತ್ರವು ಜನಾಂಗವನ್ನು ಅಳೆಯಹೊರಟಾಗ ಎಂಥ ಕೇಡಿಗೆ ಒದಗಬಲ್ಲುದೆಂಬುದಕ್ಕೆ ಇದೇ ನಿದರ್ಶನ.

೧೯೩೭ರ ಕೊನೆಯಲ್ಲಿ ಯೂಂಗನು ಭಾರತಕ್ಕೆ ಬಂದನು. ಕಲ್ಕತ್ತೆಯಲ್ಲಿ ನಡೆದ ವಿಜ್ಞಾನ ಕಾಂಗ್ರೆಸ್ಸಿನ ರಜತೋತ್ಸವಕ್ಕೆ ಅವನಿಗೆ ಆಹ್ವಾನವಿತ್ತು. ಈ ಪ್ರವಾಸದಲ್ಲಿ ಮೈಸೂರಿನಲ್ಲಿಯೂ ಅತಿಥಿಯಾಗಿದ್ದು, ಮಹಾರಾಜರ ಗುರುಗಳಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ತತ್ತ್ವವಿಚಾರ ನಡೆಸಿದನು.

೧೯೬೧ರ ಜೂನ್ ೬ರಂದು ಯೂಂಗನು ಕ್ಯೂಸ್ನಾಕ್ಟ್ ಊರಿನ ತನ್ನ ಮನೆಯಲ್ಲಿ ಕಣ್ಮುಚ್ಚಿದನು. ಅವನ ಗ್ರಂಥವನ್ನು ಆಧರಿಸಿ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವಳ ಮಗಳು ಇಸಾಬೆಲ್ ಮೈಯರ್ಸ್ ರಚಿಸಿದ ಹದಿನಾರು ಪ್ರಕಾರಗಳ ಪ್ರಶ್ನಾವಳಿಯು ಇಂದು ಲೋಕಪ್ರಸಿದ್ಧವಾಗಿದೆ. ಒಬ್ಬನೇ ವ್ಯಕ್ತಿ ಕೆಲವು ವಾರಗಳ ಅಂತರದಲ್ಲಿ ಉತ್ತರಿಸಿದರೆ ಬೇರೆ ಪ್ರಕಾರಕ್ಕೆ ಸೇರುವುದುಂಟೆಂದು ಮನಶ್ಶಾಸ್ತ್ರಜ್ಞರು ಅದನ್ನು ಟೀಕಿಸಿದ್ದಾರೆ.

ಹುಟ್ಟಿನಿಂದಲೇ ಮನುಷ್ಯನ ಯೋಗ್ಯತೆಯನ್ನು ತೀರ್ಮಾನಿಸುವ ರೂಢಿ ನಮ್ಮ ನಾಡಿನಲ್ಲಿ ಹಳೆಯದು. ಮನೆತನದಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರಿಗೆ ಹಣೆಪಟ್ಟಿಯ ಭಾರವೆಷ್ಟೆಂಬುದು ತಿಳಿದಿದೆ. ಆದುದರಿಂದ ಯೂಂಗನ ಬಾಳಿನಿಂದ ನಾವು ಕಲಿಯಬೇಕಾದುದು ಎಂಟು ಪ್ರಕಾರಗಳ ಹೆಸರನ್ನಷ್ಟೇ ಅಲ್ಲ. ನನ್ನಂತೆ ನೋಡದವನೂ ಪ್ರಾಮಾಣಿಕನಾಗಿರಬಲ್ಲನು ಎಂಬ ಆತನ ಮೊದಲಿನ ಕಾಣ್ಕೆಯೇ ದೊಡ್ಡದು. ಅದನ್ನು ಮರೆತಾಗ ಅವನಂಥವನೂ ಎಡವಿದನೆಂಬುದು ನಮಗೆ ಸದಾ ನೆನಪಿರಲಿ.